ಸರ್ ತಂದ ಪೇಢೆ

ಮೊನ್ನೆ ಐತವಾರ ರಾತ್ರಿ ಚೆಸ್ ಸರ್ ಪೇಢೆ ಡಬ್ಬಿ ಹಿಡಕೊಂಡು ಮನಿಗೆ ಬಂದಿದ್ರು. ಸಾಲಿ ಮಕ್ಕಳ ಟೂರ್ನಮೆಂಟಿನಾಗ ಅವರ ಕ್ಲಾಸಿನ ಮೂರು ಹುಡುಗ್ರು ಟ್ರೋಫಿ ಗೆದ್ದಾರ. ನಮ್ಮ ಮಗಳು ಗೆದ್ದಿಲ್ಲ. ಏಳು ರೌಂಡಿಗೆ ಮೂರೂವರಿ ಪಾಯಿಂಟ್. ಆದ್ರೂ ಪೇಢೆ ಬಂತು.

ಸರ್ ಆಕಡೆ ಹೋಗೂದಕ್ಕ ನಮ್ಮ ವೈನಿ ಶುರು ಮಾಡಿದ್ರು. "ಎಷ್ಟ್ ಹೊಗಳ್ಕೋತಾರವಾ! ಗೆದ್ದವರ ಫೋಟೋ ಮೂರು ಸಲ ವಾಟ್ಸಾಪಿಗೆ ಹಾಕ್ಯಾರ. ಎಲ್ಲಾ ಹೊಸ ಅಡ್ಮಿಶನ್ ಸಲುವಾಗಿ."

ಇರಬಹುದು. ನಂಗೇನು ಅದು ತಪ್ಪು ಅನಸೂದಿಲ್ಲ. ಕಿರಾಣಿ ಅಂಗಡಿಯವ ಬೋರ್ಡ್ ಹಾಕ್ತಾನ, ಕಲಿಸವರು ಯಾಕ ಹಾಕಬಾರದು? 2024ರಾಗ ಸಿಂಗಾಪುರದಾಗ ಗುಕೇಶ್ 18 ವರ್ಷಕ್ಕ ವಿಶ್ವ ಚಾಂಪಿಯನ್ ಆದಾಗ ಇದೇ ವೈನಿ ಟಿವಿ ಮುಂದ ಕೂತು ಚಪ್ಪಾಳಿ ಹೊಡದಿದ್ರು. ಓಣಿ ಹುಡುಗ ಗೆದ್ರ ಮಾತ್ರ ಜಂಬ!

ನನ್ನ ತಕರಾರು ಬ್ಯಾರೆ ಅದ. ಈ ಟೂರ್ನಮೆಂಟಿನಾಗ ಸೋತವರನ್ನ ಮನಿಗೆ ಕಳಸೂದಿಲ್ಲ ನೋಡ್ರಿ. ಸ್ವಿಸ್ ಪದ್ಧತಿ ಅಂತಾರ. ಸೋತ್ರ ಮುಂದಿನ ರೌಂಡಿನಾಗ ಹೆಚ್ಚೂಕಡಿಮಿ ನಿಮ್ಮಷ್ಟೇ ಪಾಯಿಂಟ್ ಇದ್ದವರ ಜೋಡಿ ಕೂಡಸ್ತಾರ. ಅಂದ್ರ ಮುಂಜಾನೆ ಸೋತ ಕೂಸು ಸಂಜೀತನಾ ಆಡಬೇಕು. ನಮ್ಮಾಕಿ ಮೊದಲನೇ ಆಟ ಸೋತಳು. ಎರಡನೇದ್ರಾಗ ಅವಸರ ಮಾಡಿ ಕುದುರಿ ಮುಟ್ಟಿಬಿಟ್ಟಳು. ಮುಟ್ಟಿದ ಕಾಯಿ ನಡಸಲೇಬೇಕು, ನಡಸಿದಳು, ಮಂತ್ರಿ ಹೋತು. ನಾ ಹೊರಗ ಅವಲಕ್ಕಿ ಡಬ್ಬಿ ಹಿಡಕೊಂಡು ಕೂತಿದ್ದೆ. ಹೊರಗ ಬಂದು ಅತ್ತಳು, ನಳದಾಗ ಮುಖ ತೊಳಕೊಂಡಳು, ಡಬ್ಬಿ ಸೈತ ತಗೀಲಿಲ್ಲ, ಮೂರನೇ ಆಟಕ್ಕ ಒಳಗ ಹ್ವಾದಳು. ಗೆದ್ದು ಬಂದಳು.

ಇದರ ಫೋಟೋ ಯಾರೂ ಹಾಕೂದಿಲ್ಲ. ಹಾಕೂದಿಲ್ಲಂತನ ಮನಿಯಾಗ "ಮುಂದಿನ ವರ್ಷ ಎಸ್ಸೆಸ್ಸೆಲ್ಸಿ, ಚೆಸ್ ಬಿಡಸು" ಅನ್ನೋ ಮಾತು ಬರತದ. ಟ್ರೋಫಿ ಇದ್ರ ಇದೇ ಮಂದಿ ಇನ್ನೊಂದು ವರ್ಷ ಆಡಲಿ ಬಿಡು ಅಂತಿದ್ರು. ಗೆದ್ದವರ ಸಂಭ್ರಮ ಬ್ಯಾಡ ಅಂತ ನಾ ಅನ್ನೂದಿಲ್ಲ. ಉಳದ ಹುಡುಗ್ರು ಏನು ಮಾಡಿದ್ರು ಅಂತನೂ ನಾಕು ಮಂದಿಗೆ ಗೊತ್ತಾಗಲಿ.

ಸರ್‌ಗೆ ಫೋನ್ ಮಾಡಿ ಹಿಂಗ ಅಂತ ಹೇಳಿದೆ. ಸಿಟ್ಟಾಗತಾರೇನೋ ಅನ್ಕೊಂಡಿದ್ದೆ. ನಕ್ಕು, "ಆಕಿ ಮೂರನೇ ಆಟ ಬರದ ಹಾಳಿ ಕಳಸ್ರಿ ಅಕ್ಕಾರ, ಬುಧವಾರ ಎಲ್ಲಾರ ಮುಂದ ಬೋರ್ಡ್ ಮ್ಯಾಲೆ ಆಡಿ ತೋರಸ್ತೀನಿ" ಅಂದ್ರು. ಹಾಳಿ ಹುಡುಕಿ ಆಕಿ ಚೀಲದಾಗ ಇಟ್ಟೀನಿ. ಮುಂದಿನ ಮೂರು ತಿಂಗಳ ಫೀಸೂ ಅದರ ಜೋಡಿ ಅದ. ವೈನಿಗೆ ಇನ್ನೂ ಹೇಳಿಲ್ಲ.