ಹತ್ತು ಜನಕ್ಕೆ ಹುಲ್ಲುಕಡ್ಡಿ, ಒಬ್ಬನಿಗೆ ತಲೆಹೊರೆ



ಇದನ್ನು ಓದುವ ಮೊದಲು ಒಂದು ಕೆಲಸ ಮಾಡಿ. ಬೀರುವಿನಲ್ಲಿ ಮಡಿಸಿಟ್ಟಿರುವ ಆರೋಗ್ಯ ವಿಮೆಯ ರಶೀದಿಗಳನ್ನು ಹೊರಗೆ ತೆಗೆಯಿರಿ. ಐದು ವರ್ಷದ ಹಿಂದೆ ಎಷ್ಟು ಕಂತು ಕಟ್ಟಿದಿರಿ, ಈ ವರ್ಷ ಎಷ್ಟು ಕಟ್ಟಿದಿರಿ, ಅಕ್ಕಪಕ್ಕ ಇಟ್ಟು ನೋಡಿ. ನಿಮ್ಮ ಸಂಬಳ ಅದೇ ವೇಗದಲ್ಲಿ ಏರಿತೆ? ನಿಮ್ಮ ಈರುಳ್ಳಿಗೆ, ಟೊಮೆಟೊಗೆ ಆ ಬೆಲೆ ಸಿಕ್ಕಿತೆ? ಏರಿದ್ದು ನಿಮ್ಮ ವಯಸ್ಸು. ವಿಮಾ ಕಂಪನಿಯ ಲೆಕ್ಕದಲ್ಲಿ ಅದೇ ನೀವು ಮಾಡಿದ ಅಪರಾಧ!

ಖಾಸಗಿ ವಿಮೆ ನಡೆಯುವುದೇ ಹೀಗೆ. ನಲವತ್ತರ ಗಟ್ಟಿಮುಟ್ಟಾದ ಆಳಿಗೆ ಒಂದು ದರ, ಅರವತ್ತೈದರ ಹಿರಿಯರಿಗೆ ಅದರ ಹಲವು ಪಟ್ಟು ದರ. ಸಕ್ಕರೆ ಕಾಯಿಲೆ, ರಕ್ತದೊತ್ತಡ ಮೊದಲೇ ಇದ್ದರೆ ಆ ಕಾಯಿಲೆಗೆ ಮೂರು ವರ್ಷದವರೆಗೂ ಹಣ ಕೊಡದಿರಲು ನಿಯಮವೇ ಅವಕಾಶ ಕೊಟ್ಟಿದೆ. ಹಿರಿಯರ ಗೋಳು ಹೆಚ್ಚಾಗಿ, 2025ರ ಜನವರಿಯಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರವು ಅರವತ್ತು ದಾಟಿದವರ ಕಂತನ್ನು ವರ್ಷಕ್ಕೆ ಶೇ. 10ಕ್ಕಿಂತ ಹೆಚ್ಚು ಏರಿಸಬೇಕಾದರೆ ಮೊದಲು ನಮ್ಮನ್ನು ಕೇಳಿ ಎಂದು ಕಂಪನಿಗಳಿಗೆ ಹೇಳಬೇಕಾಯಿತು. ಸಮಾಧಾನಪಡಬೇಡಿ. ವರ್ಷಕ್ಕೆ ಶೇ. 10ರಂತೆ ಏರಿದರೂ ಎಂಟು ವರ್ಷದಲ್ಲಿ ಕಂತು ಎರಡು ಪಟ್ಟು ದಾಟುತ್ತದೆ. ಪಿಂಚಣಿ ಎರಡು ಪಟ್ಟು ಆಗುತ್ತದೆಯೇ ಸ್ವಾಮಿ?

ಕಟ್ಟಿದ ಹಣ ಎಲ್ಲಿಗೆ ಹೋಗುತ್ತದೆ ಎಂಬುದನ್ನೂ ನೋಡಿ. 2023-24ರಲ್ಲಿ ಆರೋಗ್ಯ ವಿಮೆಯೊಂದನ್ನೇ ಮಾಡುವ ಖಾಸಗಿ ಕಂಪನಿಗಳು, ಒಟ್ಟಾರೆ ತೆಗೆದುಕೊಂಡರೆ, ಪ್ರತಿ 100 ರೂಪಾಯಿ ಕಂತಿಗೆ ಸುಮಾರು 65 ರೂಪಾಯಿಯನ್ನು ಚಿಕಿತ್ಸೆಗೆಂದು ವಾಪಸ್ ಕೊಟ್ಟವು. ಮಿಕ್ಕದ್ದು ಏಜೆಂಟರ ಕಮಿಷನ್, ಕಚೇರಿ, ಜಾಹೀರಾತು, ಲಾಭ. ಅದೇ ವರ್ಷ ಸರ್ಕಾರಿ ವಿಮಾ ಕಂಪನಿಗಳು 100 ಪಡೆದು 100ಕ್ಕಿಂತ ಹೆಚ್ಚೇ ಕೊಟ್ಟವು. ಇದರ ಮೇಲೆ ಸರ್ಕಾರದ ಪಾಲು ಬೇರೆ! 2017ರ ಜುಲೈನಿಂದ 2025ರ ಸೆಪ್ಟೆಂಬರ್‌ವರೆಗೆ ಕಂತಿನ ಮೇಲೆ ಶೇ. 18 ಜಿಎಸ್‌ಟಿ ಹಾಕಿತ್ತು. 20,000 ರೂಪಾಯಿ ಕಂತಿಗೆ 3,600 ರೂಪಾಯಿ ತೆರಿಗೆ. ಕಾಯಿಲೆ ಬಂದರೆ ಏನು ಗತಿ ಎಂಬ ಹೆದರಿಕೆಗೂ ಎಂಟು ವರ್ಷ ತೆರಿಗೆ ಕಟ್ಟಿದ್ದೇವೆ.

ಈಗ ಇನ್ನೊಂದು ಲೆಕ್ಕ. ಪೀಣ್ಯದ ಕಾರ್ಖಾನೆಯಲ್ಲಿ ತಿಂಗಳಿಗೆ 15,000 ರೂಪಾಯಿ ದುಡಿಯುವ ಒಬ್ಬ ಕಾರ್ಮಿಕನನ್ನು ತೆಗೆದುಕೊಳ್ಳಿ. ಇಎಸ್‌ಐಗೆ ಅವನ ಸಂಬಳದಿಂದ ಶೇ. 0.75, ಅಂದರೆ 112 ರೂಪಾಯಿ 50 ಪೈಸೆ ಹೋಗುತ್ತದೆ. ಮಾಲೀಕ ಶೇ. 3.25ರಂತೆ 487 ರೂಪಾಯಿ 50 ಪೈಸೆ ಹಾಕುತ್ತಾನೆ. ಎರಡೂ ಸೇರಿ ತಿಂಗಳಿಗೆ 600, ವರ್ಷಕ್ಕೆ 7,200. ಅಷ್ಟಕ್ಕೆ ಅವನು, ಹೆಂಡತಿ, ಮಕ್ಕಳು, ಅವನನ್ನೇ ನಂಬಿದ ತಾಯಿ ತಂದೆ ಎಲ್ಲರೂ ಸೇರುತ್ತಾರೆ. ವಯಸ್ಸು ನೋಡಿ ದರ ಏರಿಸುವುದಿಲ್ಲ. ನೆಗಡಿಗೂ ಔಷಧಿ, ಆಪರೇಷನ್‌ಗೂ ಹಾಸಿಗೆ. ಕಾಯಿಲೆಯಿಂದ ಕೆಲಸ ತಪ್ಪಿದ ದಿನಗಳಿಗೆ ಸಂಬಳದ ಒಂದು ಪಾಲೂ ಉಂಟು. ಇದು 1948ರ ಕಾಯ್ದೆಯಿಂದ ಶುರುವಾದದ್ದು. ಹಿರಿಯರು ಹೇಳಿದ್ದು ಇದನ್ನೇ ಅಲ್ಲವೇ: ಹತ್ತು ಜನಕ್ಕೆ ಹುಲ್ಲುಕಡ್ಡಿ, ಒಬ್ಬನಿಗೆ ತಲೆಹೊರೆ!

ನಮ್ಮ ರೈತರೂ ಇದನ್ನು ಮಾಡಿ ತೋರಿಸಿದವರೇ. 2003ರಲ್ಲಿ ಸಹಕಾರ ಸಂಘಗಳ ಮೂಲಕ ಯಶಸ್ವಿನಿ ಯೋಜನೆ ಶುರುವಾದಾಗ ವರ್ಷಕ್ಕೆ ತಲೆಗೆ 60 ರೂಪಾಯಿ. ಅದಕ್ಕೆ ಸರ್ಕಾರದ ಹಣವೂ ಸೇರಿತು. ಮೊದಲ ವರ್ಷವೇ ಸುಮಾರು 16 ಲಕ್ಷ ಜನ ಕೂಡಿಕೊಂಡರು. ಲಾಭಕ್ಕೆ ಕೂತ ಕಂಪನಿ ಇರಲಿಲ್ಲ, ಟ್ರಸ್ಟ್ ನಡೆಸಿತು. ಅಂಥ ಯೋಜನೆಯನ್ನು 2018ರಲ್ಲಿ ನಿಲ್ಲಿಸಿದರು. ರೈತರು ಕೇಳುತ್ತಲೇ ಇದ್ದುದರಿಂದ 2022ರಲ್ಲಿ ಮತ್ತೆ ತಂದರು. ಕೇಳಿದ್ದಕ್ಕೆ ಬಂತು, ನೆನಪಿರಲಿ.

"ಸರ್ಕಾರಿ ಆಸ್ಪತ್ರೆಯಲ್ಲಿ ಏನಿದೆ ಮಣ್ಣು? ಉದ್ದ ಸಾಲು, ಗಬ್ಬು ವಾಸನೆ, ಔಷಧಿ ಹೊರಗೆ ತನ್ನಿ ಎನ್ನುವ ಚೀಟಿ" ಎಂದು ನೀವು ಕೇಳುತ್ತೀರಿ. ನಿಜ, ಮುಚ್ಚಿಡುವುದಿಲ್ಲ. ಆದರೆ ಏಕೆ ಹಾಗಾಯಿತು? ಮಾತಾಡಬಲ್ಲವರು, ಅರ್ಜಿ ಬರೆಯಬಲ್ಲವರು, ಶಾಸಕರ ಕಾಲರ್ ಹಿಡಿಯಬಲ್ಲವರು ಕಾರ್ಡು ಹಿಡಿದು ಖಾಸಗಿ ಆಸ್ಪತ್ರೆಗೆ ಹೋದರು. ಸಾಲಿನಲ್ಲಿ ಉಳಿದವರು ಬಾಯಿಲ್ಲದವರು. ಬಾಯಿಲ್ಲದವರ ಆಸ್ಪತ್ರೆಗೆ ಯಾವ ಮಂತ್ರಿ ಹೆದರುತ್ತಾನೆ? ಮನಸ್ಸು ಮಾಡಿದರೆ ಆಗುತ್ತದೆ ಎಂಬುದಕ್ಕೆ ಜಯದೇವ ಹೃದ್ರೋಗ ಸಂಸ್ಥೆ, ಕಿದ್ವಾಯಿ, ನಿಮ್ಹಾನ್ಸ್ ಕಣ್ಣೆದುರೇ ಇವೆ. ಸಿರಿವಂತರೂ ಬಾಗಿಲು ತಟ್ಟುವ ಸಾರ್ವಜನಿಕ ಆಸ್ಪತ್ರೆಗಳು ಅವು.

ಸರ್ಕಾರಗಳು ಈಗ ಕಂಡುಕೊಂಡಿರುವ ಸುಲಭದ ದಾರಿ ಕಾರ್ಡು ಹಂಚುವುದು. 2018ರಿಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ. ಒಳ್ಳೆಯದೇ, ಅದರಿಂದ ಜೀವ ಉಳಿದಿವೆ. ಆದರೆ ಕಾರ್ಡು ಕೆಲಸ ಮಾಡುವುದು ಮುಖ್ಯವಾಗಿ ಆಸ್ಪತ್ರೆ ಸೇರಿದ ಮೇಲೆ. ತಿಂಗಳು ತಿಂಗಳೂ ನುಂಗುವ ಸಕ್ಕರೆ ಮಾತ್ರೆಗೆ, ಮಗುವಿನ ಜ್ವರಕ್ಕೆ ಬೇಕಾದದ್ದು ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರ, ಅಲ್ಲೊಬ್ಬ ವೈದ್ಯ, ಕಪಾಟಿನಲ್ಲಿ ಔಷಧಿ. ಅದಿಲ್ಲದ ಕಡೆ ಕಾರ್ಡು ಬರೀ ಕಾಗದ. 2021-22ರಲ್ಲೂ ದೇಶದಲ್ಲಿ ಆರೋಗ್ಯಕ್ಕೆ ಖರ್ಚಾದ ಪ್ರತಿ 100 ರೂಪಾಯಿಯಲ್ಲಿ 39 ರೂಪಾಯಿ ಜನರ ಸ್ವಂತ ಜೇಬಿನದು. 2025ರ ಹೊತ್ತಿಗೆ ದೇಶದ ಉತ್ಪನ್ನದ ಶೇ. 2.5ರಷ್ಟನ್ನು ಸರ್ಕಾರವೇ ಆರೋಗ್ಯಕ್ಕೆ ಖರ್ಚು ಮಾಡಬೇಕೆಂದು 2017ರ ರಾಷ್ಟ್ರೀಯ ಆರೋಗ್ಯ ನೀತಿಯಲ್ಲಿ ಬರೆದುಕೊಂಡರು. 2021-22ರಲ್ಲಿ ಮುಟ್ಟಿದ್ದು ಶೇ. 1.84!

ಇನ್ನು ಭಾಷೆಯ ಮಾತು. ಪಾಲಿಸಿ ಎಂದು ನಿಮ್ಮ ಕೈಗೆ ಕೊಡುವ ಹತ್ತಾರು ಪುಟ ಇಂಗ್ಲಿಷಿನದು. ಸಿಹಿಯನ್ನು ಏಜೆಂಟ್ ಕನ್ನಡದಲ್ಲಿ ಹೇಳುತ್ತಾನೆ, ಕಹಿ ಇಂಗ್ಲಿಷಿನಲ್ಲಿ ಸಣ್ಣಕ್ಷರದಲ್ಲಿ ಕೂತಿರುತ್ತದೆ. ಆಪರೇಷನ್ ಮುಗಿದು ಬಿಲ್ಲು ತಿರಸ್ಕಾರವಾದ ದಿನ ಆ ಸಾಲು ಎದ್ದು ನಿಲ್ಲುತ್ತದೆ: "ನೀವೇ ಸಹಿ ಹಾಕಿದ್ದೀರಲ್ಲ!" ಗೊತ್ತಿರಲಿ, 2024ರ ಜನವರಿಯಿಂದ ಪಾಲಿಸಿಯ ಮುಖ್ಯಾಂಶಗಳ ಹಾಳೆಯನ್ನು, ಗ್ರಾಹಕ ಬಯಸಿದರೆ, ಅವನ ನಾಡಿನ ಭಾಷೆಯಲ್ಲಿ ಕೊಡಬೇಕೆಂದು ನಿಯಮವಿದೆ. ಕನ್ನಡದಲ್ಲೇ ಕೇಳಿ. ಕೊಡುವವರೆಗೆ ಸಹಿ ಹಾಕಬೇಡಿ. ಹಣ ಕೊಡದೆ ಸತಾಯಿಸಿದರೆ ಮೊದಲು ಕಂಪನಿಗೆ ಬರೆಯಿರಿ. ತಿಂಗಳಾದರೂ ಉತ್ತರವಿಲ್ಲದಿದ್ದರೆ ಬೆಂಗಳೂರಿನಲ್ಲೇ ವಿಮಾ ಓಂಬುಡ್ಸ್‌ಮನ್ ಕಚೇರಿ ಇದೆ. ಶುಲ್ಕ ಬೇಡ, ವಕೀಲರೂ ಬೇಡ.

ವಿಮೆ ಬಿಟ್ಟುಬಿಡಿ ಎಂದು ನಾವು ಹೇಳುತ್ತಿಲ್ಲ. ಮನೆಯಲ್ಲಿ ಹಿರಿಯರಿದ್ದಾರೆ, ಇಂದಿನ ಸ್ಥಿತಿಯಲ್ಲಿ ಬಿಡುವ ಧೈರ್ಯ ಯಾರಿಗೂ ಇಲ್ಲ. ಆದರೆ ಕಂತು ಕಟ್ಟಿದೆವು, ನಮ್ಮ ಕರ್ತವ್ಯ ಮುಗಿಯಿತು ಎಂದು ಕೂರಬೇಡಿ. ಬೆಂಕಿಪೊಟ್ಟಣಕ್ಕೂ ತೆರಿಗೆ ಕಟ್ಟುವ ನೀವು ತಾಲ್ಲೂಕು ಆಸ್ಪತ್ರೆಯ ಕಂತನ್ನೂ ಆಗಲೇ ಕಟ್ಟಿದ್ದೀರಿ. ಆ ಪಾಲಿಸಿಗೆ ಯಾರೂ ಲೆಕ್ಕ ಕೇಳುತ್ತಿಲ್ಲ, ಅಷ್ಟೇ.

ಮುಂದಿನ ವಾರ ಬಿಡುವು ಮಾಡಿಕೊಂಡು ನಿಮ್ಮ ತಾಲ್ಲೂಕು ಆಸ್ಪತ್ರೆಗೆ ಹೋಗಿ. ಎಷ್ಟು ವೈದ್ಯರ ಹುದ್ದೆ ಇದೆ, ಎಷ್ಟು ಖಾಲಿ, ಯಾವ ಔಷಧಿ ಇಲ್ಲ, ಯಾವ ಯಂತ್ರ ಕೆಟ್ಟು ಕೂತಿದೆ, ಬರೆದುಕೊಳ್ಳಿ. ಉತ್ತರ ಕೊಡದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ, ಕನ್ನಡದಲ್ಲೇ ಹಾಕಿ. ಆ ಪಟ್ಟಿ ಹಿಡಿದು ಹತ್ತು ಜನ ಶಾಸಕರ ಮನೆ ಬಾಗಿಲಿಗೆ ಹೋಗಿ.

ಒಬ್ಬರೇ ಹೋಗಬೇಡಿ. ಒಬ್ಬನಿಗೆ ಅದೂ ತಲೆಹೊರೆಯೇ.