ಅಜ್ಜ ತೀರಿದ, ಪಹಣಿ ಉಳಿಯಿತು

ಭಟ್ಕಳ, ಹೊನ್ನಾವರ, ಕುಮಟಾ ತಾಲೂಕುಗಳಲ್ಲಿ ತೀರಿಹೋದ ಅಜ್ಜನ ಹೆಸರಿನಲ್ಲಿಯೇ ಉಳಿದ ಪಹಣಿಗಳಿಗೆ ಬರವಿಲ್ಲ. ಗದ್ದೆಯ ಅಕ್ಕಿ ಮೊಮ್ಮಕ್ಕಳದು, ಕಾಗದ ಅಜ್ಜನದು! ಸೊಸೈಟಿಯಲ್ಲಿ ಸಾಲ ಕೇಳಿದಾಗ, ಹೆದ್ದಾರಿಗೆ ಹೋದ ಜಾಗದ ಪರಿಹಾರ ಕೇಳಿದಾಗ ಅದರ ಬಿಸಿ ತಟ್ಟುತ್ತದೆ.

ಪಹಣಿ ಒಡೆತನವನ್ನು ಹುಟ್ಟಿಸುವುದಿಲ್ಲ, ನಿಜ. ಆದರೆ ತಪ್ಪೆಂದು ಸಿದ್ಧವಾಗುವವರೆಗೆ ಅಥವಾ ಕಾಯ್ದೆಶೀರ್ ಬದಲಾಗುವವರೆಗೆ ಅದರ ನಮೂದು ಸರಿಯೆಂದೇ ಭಾವಿಸಬೇಕೆನ್ನುತ್ತದೆ 1964ರ ಭೂಕಂದಾಯ ಕಾಯ್ದೆಯ 133ನೆಯ ಕಲಮು. ಸುಮ್ಮನಿದ್ದವನಿಗೇ ನಷ್ಟ.

ಆದ್ದರಿಂದ ನಾವು ಹೇಳುವುದಿಷ್ಟೇ: ದಲ್ಲಾಳಿಯ ಹಿಂದೆ ಅಲೆಯಬೇಡಿರಿ. ಸರ್ವೆ ನಂಬರು ಹೇಳಿ ಅಲ್ಪ ಶುಲ್ಕ ಕೊಟ್ಟರೆ ನಾಡಕಚೇರಿಯಲ್ಲಿ ಪಹಣಿ ಸಿಗುತ್ತದೆ. 9ನೆಯ ಕಾಲಮಿನಲ್ಲಿ ಒಡೆಯನ ಹೆಸರು, 11ರಲ್ಲಿ ಸಾಲ ಮತ್ತು ಇತರ ಹಕ್ಕು, 12ರಲ್ಲಿ ಸಾಗುವಳಿ, ಮೂರನ್ನೂ ಓದಿರಿ. ಜಾಗ ಕೊಳ್ಳುವ ವ್ಯಾಪಾರಿಗಳು ಸಬ್‌ರಿಜಿಸ್ಟ್ರಾರ್ ಕಚೇರಿಯ ಋಣಭಾರ ಪತ್ರವನ್ನೂ ನೋಡದೆ ಮುಂಗಡ ಕೊಡಬಾರದು. ವಾರಸುದಾರರು ಮರಣಪತ್ರ, ವಂಶವೃಕ್ಷ ಸೇರಿಸಿ ಪೌತಿ ಖಾತೆಗೆ ಅರ್ಜಿ ಹಾಕಬೇಕು.

ಇದು ಪ್ರಜೆಯ ಪಾಲಿನ ಕೆಲಸ. ಸರಕಾರದ ಪಾಲಿನದೂ ಇದೆ. ತಂದೆ ಸತ್ತ ದಿನವನ್ನು ತಾನೇ ಬರೆದಿಟ್ಟುಕೊಳ್ಳುವ ಸರಕಾರ, ಮಕ್ಕಳ ಹೆಸರು ಬರೆಯಲು ಅರ್ಜಿಗಾಗಿ ಕಾಯುವುದೇಕೆ?