ಉದಗೀರ ಪೇಟೆ ರಸ್ತೆಯ ಓರೆ ಪಾರ್ಕಿಂಗ್ ಪಟ್ಟೆ ಅಳಿಸುವ ಕುರಿತು ಮನವಿ ಪತ್ರ

ಗೆ,
ಮಾನ್ಯ ಜಿಲ್ಲಾಧಿಕಾರಿಗಳು, ಲಾತೂರು

ಇಂದ,
ಉದಗೀರ ಪೇಟೆಯ ಆಡತ ವ್ಯಾಪಾರಿಗಳು, ಹಮಾಲರು ಹಾಗೂ ನಿವಾಸಿಗಳು

ಮಾನ್ಯರೆ,

1956ರವರೆಗೆ ಬೀದರ ಜಿಲ್ಲೆಯಲ್ಲಿದ್ದ ಈ ಊರಿನ ಕನ್ನಡಿಗರು ನಾವು. ಸಂವಿಧಾನದ 350ನೇ ವಿಧಿಯಂತೆ ಕನ್ನಡದಲ್ಲೇ ಈ ಮನವಿ ಸಲ್ಲಿಸುತ್ತಿದ್ದೇವೆ. ಮರಾಠಿ ಪ್ರತಿ ಲಗತ್ತಿಸಿದೆ.

ಪೇಟೆ ರಸ್ತೆಯಲ್ಲಿ ಓರೆ ಪಟ್ಟೆ ಎಳೆದಂದಿನಿಂದ ಬೀದರ, ಭಾಲ್ಕಿ ಕಡೆಯ ಜೀಪು, ಟಂಟಂ, ತೊಗರಿ ಹೇರಿದ ಟ್ರ್ಯಾಕ್ಟರು ಎಲ್ಲವೂ ತಾಸುಗಟ್ಟಲೆ ಸಿಕ್ಕಿಬೀಳುತ್ತಿವೆ. ಈ ಕುರಿತ ನಮ್ಮ ಹಿಂದಿನ ಅರ್ಜಿಗಳ ಮೇಲೆ ಸ್ವೀಕೃತಿಯ ಮೊಹರು ಬಿದ್ದಿದೆ, ಅಷ್ಟೇ. ನಕಲುಗಳನ್ನು ಇದರೊಂದಿಗೆ ಇಟ್ಟಿದ್ದೇವೆ.

ಲೆಕ್ಕ ಕಷ್ಟದ್ದಲ್ಲ. 5 ಮೀಟರ್ ಉದ್ದ, 2.5 ಮೀಟರ್ ಅಗಲದ ಕಾರಿನ ಜಾಗವನ್ನು 45 ಡಿಗ್ರಿ ಓರೆಗೆ ಬರೆದರೆ ಅದು ರಸ್ತೆಯೊಳಗೆ 5.3 ಮೀಟರ್ ಚಾಚುತ್ತದೆ. 10 ಮೀಟರ್ ಅಗಲದ ಈ ರಸ್ತೆಯಲ್ಲಿ ಉಳಿಯುವುದು 4.7 ಮೀಟರ್. ಸುಮಾರು 2.5 ಮೀಟರ್ ಅಗಲದ ಎರಡು ಲಾರಿಗಳು ಎದುರುಬದುರಾಗಿ ದಾಟುವುದೆಲ್ಲಿ? ಓರೆಯಾಗಿ ನಿಲ್ಲಿಸಿದರೆ ಹೆಚ್ಚು ಗಾಡಿ ಹಿಡಿಯುತ್ತವೆ ಎಂಬುದು ನಿಜ. ಆದರೆ ಪ್ರತಿ ಗಾಡಿಯೂ ಹಿಂದೇನಿದೆ ಎಂದು ಕಾಣದೆ, ಹರಿಯುವ ಸಂಚಾರದೊಳಕ್ಕೇ ಹಿಮ್ಮುಖವಾಗಿ ಬರಬೇಕು. ಅಲ್ಲೇ ಶಾಲೆಯ ಮಕ್ಕಳು ನಡೆಯುತ್ತಾರೆ. ರಸ್ತೆಯ ಉದ್ದಕ್ಕೆ ಸಮಾನಾಂತರವಾಗಿ ಒಂದೇ ಬದಿ ನಿಲ್ಲಿಸಿದರೆ 7.5 ಮೀಟರ್ ತೆರವಾಗಿ ಉಳಿಯುತ್ತದೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ 2015ರ ಪಾರ್ಕಿಂಗ್ ಮಾರ್ಗಸೂಚಿ, ನಾವು ಅಳೆದು ಬರೆದ ನಕ್ಷೆ, ಛಾಯಾಚಿತ್ರಗಳು ಜೊತೆಗಿವೆ.

ಮೋಟಾರು ವಾಹನ ಕಾಯ್ದೆ 1988ರ 117, 122, 127ನೇ ಕಲಮುಗಳನ್ನು ತಮಗೆ ನಾವು ಹೇಳಿಕೊಡಬೇಕಿಲ್ಲ. ಪಟ್ಟೆ ಎಳೆಯುವ ಮೊದಲು ಯಾರನ್ನು ಕೇಳಿದರು, ಯಾರು ಅಳತೆ ಮಾಡಿದರು ಎಂಬುದನ್ನಾದರೂ ನಮಗೆ ತಿಳಿಸಬೇಕು.

ಆದ್ದರಿಂದ ಓರೆ ಪಟ್ಟೆ ಅಳಿಸಿ, ಒಂದು ಬದಿಗೆ ಮಾತ್ರ ಸಮಾನಾಂತರ ಪಟ್ಟೆ ಬರೆಸಬೇಕು. ಕೂಡುರಸ್ತೆಗಳ ಬಾಯಿ ಖಾಲಿ ಇರಬೇಕು. ಬೆಳಿಗ್ಗೆಯಿಂದ ರಾತ್ರಿವರೆಗೆ ಅಂಗಡಿ ಮುಂದೆಯೇ ನಿಲ್ಲುವ ಮಾಲೀಕರ ಕಾರುಗಳನ್ನೂ (ನಮ್ಮವರದ್ದೂ ಸೇರಿ) ಎತ್ತಿಸಬೇಕು.

ಹೊಸ ತೊಗರಿ ಪೇಟೆಗೆ ಬರುವ ಮೊದಲು ತಾವೇ ಬಂದು ಸ್ಥಳ ನೋಡಬೇಕು. ಬರುವ ದಿನಾಂಕವನ್ನು ಲಿಖಿತವಾಗಿ ತಿಳಿಸಬೇಕು. ಈ ಸಲ ಬರೀ ಮೊಹರು ಪಡೆದು ನಾವು ಹಿಂದಿರುಗುವುದಿಲ್ಲ.

ತಮ್ಮ ವಿಶ್ವಾಸಿಗಳು,
ಸಹಿ ಮಾಡಿದ ಪೇಟೆಯ ನಾಗರಿಕರು